ತತ್ತ್ವಸುವ್ವಾಲಿಯ ನಡೆ

ಹರಿದಾಸರ ಕೃತಿಗಳನ್ನು ತತ್ತ್ವದೃಷ್ಟಿಯಿಂದ ವಿವೇಚಿಸುವುದೇ ನಮ್ಮಲ್ಲಿ ವಾಡಿಕೆ. ಆದರೆ ಮಾನ್ವಿಯ ಜಗನ್ನಾಥದಾಸರ (1728–1809) ‘ತತ್ತ್ವಸುವ್ವಾಲಿ’ಯನ್ನು ಕಿವಿಯಿಂದಲೂ ಅಳೆಯಬೇಕಾಗುತ್ತದೆ.

ಪೂರ್ವಾಶ್ರಮದಲ್ಲಿ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ವಿದ್ವಾಂಸರಾಗಿದ್ದ ಇವರು ಮೊದಲು ದಾಸರ ಕನ್ನಡ ಪದಗಳನ್ನು ಕಡೆಗಣಿಸಿದ್ದರೆಂದೂ, ದೇವದುರ್ಗ ತಾಲ್ಲೂಕಿನ ಮೊಸರುಕಲ್ಲಿನ ಗೋಪಾಲದಾಸರ ಅನುಗ್ರಹದಿಂದ ಮನಸ್ಸು ತಿರುಗಿತೆಂದೂ ಸಂಪ್ರದಾಯವು ಹೇಳುತ್ತದೆ. ‘ಹರಿಕಥಾಮೃತಸಾರ’ಕ್ಕೆ ಅವರು ಭಾಮಿನೀ ಷಟ್ಪದಿಯನ್ನು ಆರಿಸಿಕೊಂಡರು, ಇಲ್ಲಿ ಮಾತ್ರ ಒನಕೆವಾಡಿನ ತ್ರಿಪದಿಯನ್ನು ಹಿಡಿದರು.

ಕುಟ್ಟುವ ಹೆಣ್ಣುಮಕ್ಕಳು ಒನಕೆಯ ಏರಿಳಿತಕ್ಕೆ ಹೊಂದಿಸಿಕೊಂಡ ಸೊಲ್ಲು ‘ಸುವ್ವಿ’. ತ್ರಿಪದಿಯ 11 ಗಣಗಳಲ್ಲಿ 6ನೆಯದೂ 10ನೆಯದೂ ಬ್ರಹ್ಮಗಣ; ಉಳಿದವು ವಿಷ್ಣುಗಣ. ಈ ಕಿರುಗಣ ಬಂದೆಡೆ ನಡೆಯು ತುಸು ತಡೆಯುತ್ತದೆ. ಹಾಡುವಾಗ ಎರಡನೆಯ ಸಾಲಿನ ತುದಿಯನ್ನು ಮರುಕಳಿಸಿ ಮೂರನೆಯದಕ್ಕೆ ಸಾಗುವುದುಂಟು. ಗಹನವಾದ ತತ್ತ್ವವು ಕೇಳುವವರ ಮನಸ್ಸಿಗೆ ಇಳಿಯಲು ಬೇಕಾದ ಬಿಡುವು ಹೀಗೆ ದೊರೆಯುತ್ತದೆ.

ಎಲ್ಲ ಪದ್ಯಗಳೂ ಸಮಾನವಾಗಿ ಸಿದ್ಧಿಸಿವೆಯೆನ್ನಲಾಗದು. ಶಾಸ್ತ್ರದ ಪಾರಿಭಾಷಿಕ ಪದಗಳು ಒತ್ತಾಗಿ ಬಂದೆಡೆ ಮಟ್ಟು ಭಾರವಾಗುತ್ತದೆ. ಭಕ್ತನ ದೈನ್ಯ, ಮೊರೆಗಳು ಮುಂದಾದೆಡೆ ಮತ್ತೆ ಹಗುರಾಗಿ ನಡೆಯುತ್ತದೆ. ವಿದ್ವಾಂಸರೂ ಹಾಡುಗಾರರೂ ಒಬ್ಬರಲ್ಲಿಯೇ ಸೆಣಸುತ್ತಿರುವುದನ್ನು ಇಲ್ಲಿ ಕಾಣಬಹುದು.

ಅಕ್ಕಿಯ ಗಿರಣಿಗಳು ಬಂದ ಮೇಲೆ ರಾಯಚೂರು ಸೀಮೆಯಲ್ಲಿಯೂ ಒನಕೆಯ ಸದ್ದು ಅಡಗಿತು. ಅಚ್ಚಿನ ಪುಟವನ್ನೇ ನೆಚ್ಚಿದ ವಿದ್ಯಾರ್ಥಿಗೆ ಈ ಕೃತಿಯ ಅರ್ಧಭಾಗ ಮಾತ್ರ ದಕ್ಕೀತು. ಆದುದರಿಂದ ತರಗತಿಯಲ್ಲಿ ಇದನ್ನು ವಿವರಿಸುವುದಕ್ಕೆ ಮೊದಲು ಹಾಡಿಸಬೇಕೆಂಬುದು ಅಧ್ಯಾಪಕಮಿತ್ರರಲ್ಲಿ ನಮ್ಮ ಬಿನ್ನಹ.