ಇಂಟು ಮಾರ್ಕು ಹಾಕಿದವರ ಮೊಮ್ಮಕ್ಕಳು

ವಂಶವೃಕ್ಷ ಎಂಬ ಮಾತೇ ಜಮೀನಿದ್ದವರ ಮಾತು. ಮರ ಬೇರು ಬಿಡಬೇಕಾದರೆ ಮೊದಲು ನೆಲ ಬೇಕು. ಇಂಗ್ಲೆಂಡಿನಲ್ಲಿ ರಾಜರಿಗೆ, ಲಾರ್ಡುಗಳಿಗೆ, ಜಮೀನ್ದಾರರಿಗೆ ಅಂಥ ಮರವಿತ್ತು. ಅವರ ವಂಶಾವಳಿ ಅಚ್ಚು ಹಾಕುವುದೇ ಒಂದು ವ್ಯಾಪಾರವಾಗಿತ್ತು. ಬರ್ಕ್ ಎಂಬಾತ ೧೮೨೬ರಲ್ಲಿ ಶುರು ಮಾಡಿದ ಲಾರ್ಡುಗಳ ವಂಶಾವಳಿ ಗ್ರಂಥ ಮತ್ತೆ ಮತ್ತೆ ಅಚ್ಚಾಗಿದೆ. ಸರಿ, ಆ ಲಾರ್ಡಿನ ಮನೆಯಲ್ಲಿ ಪಾತ್ರೆ ತೊಳೆದವಳು, ಅವನ ಹೊಲ ಉತ್ತವನು, ಗಿರಣಿಯಲ್ಲಿ ಮಗ್ಗದ ಮುಂದೆ ನಿಂತವಳು, ಹಡಗಿನಲ್ಲಿ ಹಗ್ಗ ಎಳೆದವನು, ಇವರಿಗೆ ಅಜ್ಜ ಅಜ್ಜಿ ಇರಲಿಲ್ಲವೆ? ಇದ್ದರು. ಆದರೆ ಎತ್ತಿನ ಮೇಲೆ ಬಂದು ತಲೆಮಾರು ಹೇಳುವ ನಮ್ಮ ಹೆಳವನಂಥವನು ಅಲ್ಲಿನ ಬಡವರಿಗೆ ಇರಲಿಲ್ಲ.

ಈ ಪ್ರಶ್ನೆ ಹಿಡಿದುಕೊಂಡು ಇಬ್ಬರು ಇಂಗ್ಲಿಷ್ ಹೆಂಗಸರು ತಮ್ಮ ತಮ್ಮ ಮನೆಯ ಚರಿತ್ರೆ ಬರೆದಿದ್ದಾರೆ. ಒಂದು, ಕ್ಯಾರೊಲಿನ್ ಸ್ಟೀಡ್‌ಮನ್ ಅವರ ‘ಲ್ಯಾಂಡ್‌ಸ್ಕೇಪ್ ಫಾರ್ ಎ ಗುಡ್ ವುಮನ್’ (೧೯೮೬). ಇನ್ನೊಂದು, ಆಲಿಸನ್ ಲೈಟ್ ಅವರ ‘ಕಾಮನ್ ಪೀಪಲ್’ (೨೦೧೪). ಇಬ್ಬರೂ ದುಡಿಯುವ ಮನೆಗಳಲ್ಲಿ ಹುಟ್ಟಿ, ಓದಿ, ಬರೆಯುವವರಾದವರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರು ಈ ಪುಸ್ತಕಗಳನ್ನು ಹೇಗೆ ಓದಬೇಕು ಎಂಬುದಷ್ಟೇ ಇಲ್ಲಿ ನನ್ನ ಚಿಂತೆ.

ಮೊದಲು ಕಾಗದದ ಮಾತು ಆಡೋಣ. ಏಕೆಂದರೆ ಬಡವರ ಮನೆಯ ಚರಿತ್ರೆ ಹುಡುಕುವವರಿಗೆ ಸಿಗುವುದು ಪೆಟ್ಟಿಗೆಯಲ್ಲಿಟ್ಟ ಪತ್ರಗಳಲ್ಲ, ದಿನಚರಿಯಲ್ಲ. ಸರ್ಕಾರದ, ಚರ್ಚಿನ ರಿಜಿಸ್ಟರುಗಳು. ಇಂಗ್ಲೆಂಡಿನಲ್ಲಿ ೧೫೩೮ರಿಂದ ಪ್ರತಿ ಚರ್ಚೂ ದೀಕ್ಷಾಸ್ನಾನ, ಮದುವೆ, ಮಣ್ಣು ಈ ಮೂರನ್ನು ಬರೆದಿಡಬೇಕೆಂಬ ಆಜ್ಞೆಯಾಯಿತು. ೧೭೫೪ರಿಂದ ಮದುವೆಯ ರಿಜಿಸ್ಟರಿನಲ್ಲಿ ಗಂಡು ಹೆಣ್ಣು ಇಬ್ಬರೂ ರುಜು ಹಾಕಬೇಕಾಯಿತು. ಅಕ್ಷರ ಬಾರದವರು ಏನು ಮಾಡಬೇಕು? ನಮ್ಮಲ್ಲಿ ಹೆಬ್ಬೆಟ್ಟು, ಅಲ್ಲಿ ಇಂಟು ಮಾರ್ಕು. ಅದರ ಪಕ್ಕದಲ್ಲಿ ‘ಇದು ಇಂಥವಳ ಗುರುತು’ ಎಂದು ಪಾದ್ರಿಯೋ ಗುಮಾಸ್ತನೋ ಬರೆಯುತ್ತಿದ್ದ. ೧೮೩೭ರ ಜುಲೈನಿಂದ ಹುಟ್ಟು ಸಾವುಗಳನ್ನು ಸರ್ಕಾರವೇ ನೋಂದಾಯಿಸತೊಡಗಿತು. ಹತ್ತು ವರ್ಷಕ್ಕೊಮ್ಮೆ ನಡೆಯುವ ಖಾನೇಷುಮಾರಿಯಲ್ಲಿ ೧೮೪೧ರಿಂದ ಮನೆಮಂದಿಯ ಹೆಸರೆಲ್ಲ ಬಂದವು. ಇವತ್ತು ವಂಶ ಹುಡುಕುವ ಇಂಗ್ಲಿಷಿನವರು ಮೊದಲು ಬಿಚ್ಚುವುದು ಈ ಪುಸ್ತಕಗಳನ್ನೇ. ನೂರು ವರ್ಷ ಮುಚ್ಚಿಟ್ಟಿದ್ದ ೧೯೨೧ರ ಖಾನೇಷುಮಾರಿ ೨೦೨೨ರಲ್ಲಿ ಜನರ ಕೈಗೆ ಬಂತು. ೧೯೩೧ರದ್ದು ಇನ್ನು ಯಾವತ್ತೂ ಬರುವುದಿಲ್ಲ. ೧೯೪೨ರಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು.

ಆದರೆ ಇವು ಯಾರು ಬರೆದ ಪುಸ್ತಕಗಳು, ಯಾತಕ್ಕೆ ಬರೆದವು? ೧೬೬೨ರ ಒಂದು ಕಾನೂನಿನ ಪ್ರಕಾರ ಕೈಲಾಗದ ಬಡವನನ್ನು ಸಾಕುವ ಹೊಣೆ ಅವನ ಸ್ವಂತ ಊರಿನ ಚರ್ಚ್ ವ್ಯಾಪ್ತಿಗೆ ಸೇರಿದ್ದು. ಹಾಗಾಗಿ ಕೂಲಿ ಹುಡುಕಿ ಬಂದವನು ಕಾಯಿಲೆ ಬಿದ್ದರೆ ಅವನನ್ನು ಕೂರಿಸಿಕೊಂಡು ಕೇಳುತ್ತಿದ್ದರು: ಎಲ್ಲಿ ಹುಟ್ಟಿದೆ, ಯಾರ ಹತ್ತಿರ ವರ್ಷ ಪೂರ್ತಿ ದುಡಿದೆ, ನಿನ್ನಪ್ಪನ ಊರು ಯಾವುದು. ಹೇಳಿದ್ದನ್ನೆಲ್ಲ ಬರೆದುಕೊಂಡು ಗಡಿ ದಾಟಿಸುತ್ತಿದ್ದರು. ಮದುವೆಯಿಲ್ಲದೆ ಬಸುರಾದವಳನ್ನು ಅಪ್ಪ ಯಾರೆಂದು ಕೇಳುತ್ತಿದ್ದರು, ಮಗುವಿನ ಅನ್ನದ ಖರ್ಚನ್ನು ಅವನ ತಲೆಗೆ ಕಟ್ಟಲು. ಇಂಗ್ಲೆಂಡಿನ ಬಡವನ ಜೀವನಚರಿತ್ರೆಯನ್ನು ಮೊದಲು ಬರೆದವನು ಕವಿಯಲ್ಲ. ಅವನನ್ನು ಊರಾಚೆ ದಬ್ಬಲು ಕೂತ ಅಧಿಕಾರಿ. ಇದನ್ನು ಮರೆತು ಓದಿದರೆ ಆ ಅಧಿಕಾರಿಯ ಕಣ್ಣನ್ನೇ ನಾವು ಹಾಕಿಕೊಂಡು ನಮ್ಮವರನ್ನು ನೋಡುತ್ತೇವೆ.

೧೮೩೪ರ ಹೊಸ ಕಾನೂನು ಬಂದ ಮೇಲೆ ಇದು ಇನ್ನೂ ಬಿಗಿಯಾಯಿತು. ಅದರ ಉದ್ದೇಶ, ಬಡವನಿಗೆ ಸಹಾಯ ಬೇಕಾದರೆ ವರ್ಕ್‌ಹೌಸ್ ಸೇರಬೇಕು ಎಂಬುದು. ಆ ಹೆಸರು ಕೇಳಿ ಕೆಲಸ ಕೊಡುವ ಜಾಗ ಅಂದುಕೊಳ್ಳಬೇಡಿ. ಒಳಗೆ ಹೋದ ಕೂಡಲೇ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಎಲ್ಲರಿಗೂ ಒಂದೇ ತರದ ಬಟ್ಟೆ. ಹೊರಗಿನ ಕಡುಬಡವನ ಬದುಕಿಗಿಂತ ಒಳಗಿನದು ಕೀಳಾಗಿರಬೇಕು ಎಂಬುದೇ ಅದರ ಸೂತ್ರ. ೧೮೪೫ರಲ್ಲಿ ಆಂಡೋವರ್ ಎಂಬ ಊರಿನ ವರ್ಕ್‌ಹೌಸಿನ ಸಂಗತಿ ಬಯಲಾಯಿತು: ಗೊಬ್ಬರಕ್ಕಾಗಿ ಮೂಳೆ ಕುಟ್ಟಲು ಕೂರಿಸಿದ್ದ ಜನ, ಹಸಿವು ತಡೆಯಲಾರದೆ ಆ ಮೂಳೆಗೆ ಅಂಟಿದ್ದ ಕೊಳೆತ ಚೂರುಗಳನ್ನು, ಒಳಗಿನ ಮಜ್ಜೆಯನ್ನು ತಿನ್ನುತ್ತಿದ್ದರು. ೧೮೩೨ರ ಇನ್ನೊಂದು ಕಾನೂನು ಅಲ್ಲಿ ಸತ್ತ ವಾರಸುದಾರರಿಲ್ಲದವರ ಹೆಣವನ್ನು ವೈದ್ಯಕೀಯ ಶಾಲೆಗೆ ಕೊಯ್ಯಲು ಕೊಡಬಹುದೆಂದಿತ್ತು. ಬದುಕಿದ್ದಾಗ ಮೈ ದುಡಿಮೆಗೆ, ಸತ್ತ ಮೇಲೆ ಮೈ ಪಾಠಕ್ಕೆ.

ಈ ವರ್ಕ್‌ಹೌಸಿನ ನೆರಳು ಲೈಟ್ ಅವರ ಪುಸ್ತಕದ ಉದ್ದಕ್ಕೂ ಬಿದ್ದಿದೆ. ಪೋರ್ಟ್ಸ್‌ಮತ್ ಎಂಬ ಬಂದರು ಊರಿನಲ್ಲಿ ಹುಟ್ಟಿದ ಲೈಟ್, ತಂದೆ ತಾಯಿ ಎರಡೂ ಕಡೆಯ ತಲೆಮಾರುಗಳನ್ನು ಹುಡುಕುತ್ತ ಹೊರಟರೆ ಸಿಗುವವರು ಗಾರೆ ಕೆಲಸದವರು, ಸೂಜಿ ಮಾಡುವವರು, ನಾವಿಕರು, ಮನೆಗೆಲಸದವರು. ಒಬ್ಬ ಮುತ್ತಜ್ಜಿ ಹುಟ್ಟಿದ್ದು ವರ್ಕ್‌ಹೌಸಿನಲ್ಲಿ, ಸತ್ತದ್ದು ಹುಚ್ಚಾಸ್ಪತ್ರೆಯಲ್ಲಿ. ಎರಡು ರಿಜಿಸ್ಟರಿನ ನಡುವೆ ಒಂದು ಇಡೀ ಜೀವ! ಲೈಟ್ ಆ ಮುತ್ತಜ್ಜಿಯ ಮೇಲೆ ಕಣ್ಣೀರು ಸುರಿಸಿ ಮುಗಿಸುವುದಿಲ್ಲ. ಆ ವರ್ಕ್‌ಹೌಸು ಅಲ್ಲಿ ಯಾಕಿತ್ತು, ಆ ಊರಿನ ಕೂಲಿ ಯಾಕೆ ಬಿದ್ದುಹೋಯಿತು ಎಂದು ಕೇಳುತ್ತಾರೆ. ಸೂಜಿಯ ವಿಷಯವೇ ತೆಗೆದುಕೊಳ್ಳಿ. ರೆಡ್ಡಿಚ್ ಸುತ್ತಮುತ್ತಲ ಊರುಗಳಲ್ಲಿ ಸೂಜಿಗೆ ಮೊನೆ ಹಿಡಿಯುವವರು ಸಾಣೆಕಲ್ಲಿನ ಮೇಲೆ ಬಗ್ಗಿ ಕೂತು, ಉಕ್ಕಿನ ಕಲ್ಲಿನ ದೂಳು ಕುಡಿದು, ಪುಪ್ಪುಸ ಹಾಳಾಗಿ ನಡುವಯಸ್ಸಿಗೆ ಮುಂಚೆಯೇ ಸಾಯುತ್ತಿದ್ದರು. ದೂಳು ಎಳೆಯುವ ಫ್ಯಾನು ಬಂದಾಗ ಅದನ್ನು ವಿರೋಧಿಸಿದವರೂ ಅವರೇ. ಯಾಕೆಂದರೆ ಸಾವು ದೂರ ಹೋದರೆ ಸಾವಿನ ಕಾರಣಕ್ಕೆ ಸಿಗುತ್ತಿದ್ದ ಹೆಚ್ಚಿನ ಕೂಲಿಯೂ ಹೋಗುತ್ತದಲ್ಲ! ಬಂಡವಾಳಶಾಹಿಯ ಲೆಕ್ಕ ಮನುಷ್ಯನ ಎದೆಗೂಡಿನೊಳಗೆ ಎಷ್ಟು ಆಳಕ್ಕೆ ಇಳಿದಿತ್ತು ನೋಡಿ.

ಲೈಟ್ ಅವರ ಪುಸ್ತಕದ ದೊಡ್ಡ ಗುಣ ಇನ್ನೊಂದಿದೆ. ಬಡವರ ಮನೆಗೆ ಒಂದು ಮೂಲ ಊರು ಇರುತ್ತದೆ, ಹೋಗಿ ಅದರ ಮಣ್ಣು ಮುಟ್ಟಿ ಬಂದರಾಯಿತು ಎಂಬ ಭ್ರಮೆಯನ್ನು ಅವರು ಒಡೆಯುತ್ತಾರೆ. ಕೂಲಿ ಎಲ್ಲಿ ಸಿಕ್ಕಿತೋ ಅಲ್ಲಿಗೆ ನಡೆದ ಜನ ಅವರು. ಅವರಿಗಿದ್ದದ್ದು ಬೇರಲ್ಲ, ಕಾಲು. ಆದರೂ ನನಗೊಂದು ತಕರಾರಿದೆ. ಇಷ್ಟೊಂದು ಹೆಸರು, ಇಷ್ಟೊಂದು ಊರು ಬಂದು ಹೋಗುವಾಗ ಎಲ್ಲರೂ ‘ಸಾಮಾನ್ಯ ಜನ’ ಎಂಬ ಒಂದೇ ಮೃದು ಕಂಬಳಿಯ ಕೆಳಗೆ ಸೇರಿಬಿಡುತ್ತಾರೆ. ಚಾಪೆಲ್ ಕಟ್ಟಿಸಿದ ಮೇಸ್ತ್ರಿಯೂ ವರ್ಕ್‌ಹೌಸಿನಲ್ಲಿ ಹೆತ್ತವಳೂ ಒಂದೇ ದನಿಯಲ್ಲಿ ಕೇಳಿಸತೊಡಗುತ್ತಾರೆ. ಪ್ರೀತಿಯಿಂದ ಬರೆದದ್ದರ ಅಪಾಯ ಇದು. ಸಿಟ್ಟು ತಣ್ಣಗಾಗುತ್ತದೆ.

ಸ್ಟೀಡ್‌ಮನ್ ಅವರಲ್ಲಿ ಸಿಟ್ಟು ತಣ್ಣಗಾಗಿಲ್ಲ. ಅವರ ಪುಸ್ತಕ ಚಿಕ್ಕದು, ಗಡುಸು. ಅದರ ಎದುರಾಳಿಗಳಲ್ಲಿ ಒಬ್ಬರು ರಿಚರ್ಡ್ ಹೊಗಾರ್ಟ್. ಲೀಡ್ಸ್ ನಗರದ ಕೂಲಿಕಾರರ ಬೀದಿಯಲ್ಲಿ ಬೆಳೆದ ಹೊಗಾರ್ಟ್ ೧೯೫೭ರಲ್ಲಿ ‘ದಿ ಯೂಸಸ್ ಆಫ್ ಲಿಟರಸಿ’ ಬರೆದು ಆ ಬದುಕಿಗೆ ಮರ್ಯಾದೆ ತಂದುಕೊಟ್ಟರು, ನಿಜ. ಆದರೆ ಅಲ್ಲಿನ ತಾಯಿ ಒಲೆಯ ಮುಂದೆ ಕೂತವಳು, ಎಲ್ಲರಿಗೂ ಬಡಿಸುವವಳು, ತನಗೆ ಅಂತ ಏನೂ ಕೇಳದವಳು. ನನ್ನ ತಾಯಿ ಹಾಗಿರಲಿಲ್ಲ ಎನ್ನುತ್ತಾರೆ ಸ್ಟೀಡ್‌ಮನ್. ಲಂಕಾಶೈರಿನ ಬರ್ನ್‌ಲಿ ಎಂಬ ನೇಕಾರರ ಪಟ್ಟಣದಿಂದ ಲಂಡನ್ನಿಗೆ ಬಂದ ಆಕೆ ಉಗುರು ತಿದ್ದುವ ಕೆಲಸ ಮಾಡಿದವಳು. ಆಕೆಗೆ ಗಜಗಟ್ಟಲೆ ಬಟ್ಟೆಯ ಅಗಲ ನೆರಿಗೆಯ ಲಂಗ ಬೇಕಿತ್ತು. ಚೆಂದದ ಮನೆ ಬೇಕಿತ್ತು. ಆಕೆ ವೋಟು ಹಾಕಿದ್ದು ಕನ್ಸರ್ವೇಟಿವ್ ಪಕ್ಷಕ್ಕೆ. ಆಕೆಗೂ ಮಕ್ಕಳ ತಂದೆಗೂ ಮದುವೆಯೇ ಆಗಿರಲಿಲ್ಲ. ಆತನಿಗೆ ಉತ್ತರದಲ್ಲಿ ಮೊದಲ ಹೆಂಡತಿ, ಒಬ್ಬ ಮಗಳು ಇದ್ದರೆಂಬುದು ಆತ ಸತ್ತ ಮೇಲಷ್ಟೇ ಸ್ಟೀಡ್‌ಮನ್ ಅವರಿಗೆ ತಿಳಿಯಿತು.

೧೯೫೧ರ ಒಂದು ಘಟನೆ ಆ ಪುಸ್ತಕದ ಎದೆಬಡಿತವಾಗಿದೆ. ತಂಗಿ ಹುಟ್ಟಿದಾಗ ಸರ್ಕಾರದ ಆರೋಗ್ಯ ಸಂದರ್ಶಕಿಯೊಬ್ಬಳು ಮನೆಗೆ ಬಂದು, ಈ ಮನೆ ಕೂಸಿಗೆ ತಕ್ಕುದಲ್ಲ ಎಂದು ಹೇಳಿ ಹೋಗುತ್ತಾಳೆ. ತಾಯಿ ಅಳುತ್ತಾಳೆ. ನೋಡಿದ ಮಗುವಿಗೆ ನಾಲ್ಕು ವರ್ಷ. ವರ್ಗಪ್ರಜ್ಞೆ ಎಂಬುದನ್ನು ಕಾರ್ಖಾನೆಯ ಬಾಗಿಲಲ್ಲಿ ಕರಪತ್ರ ಓದಿ ಕಲಿಯುತ್ತಾರೆ ಅಂತ ನಾವು ಭಾಷಣ ಮಾಡುತ್ತೇವೆ. ಸ್ಟೀಡ್‌ಮನ್ ಪ್ರಕಾರ ಅದನ್ನು ಮಗು ತಾಯಿಯ ಮುಖ ನೋಡಿ ಕಲಿಯುತ್ತದೆ. ಇನ್ನೂ ಮುಂದೆ ಹೋಗಿ ಅವರು ಹೇಳುವುದು ನಮಗೆ ಬಹಳ ಬೇಕಾದ ಮಾತು: ಬಡವರ ಹೊಟ್ಟೆಕಿಚ್ಚು ಸಣ್ಣತನವಲ್ಲ. ತನಗೆ ಸಿಗಬೇಕಾದದ್ದು ಸಿಗಲಿಲ್ಲ ಎಂಬ ಅರಿವು ಅದು, ಆದ್ದರಿಂದ ಅದು ರಾಜಕೀಯ. ಕನ್ನಡದ ಮಾತೇ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. ಅದು ಹೊಟ್ಟೆಯ ಕಿಚ್ಚು.

ಈಗ ನಮ್ಮ ಬರಹಗಾರ ಗೆಳೆಯರನ್ನು ಕೇಳುತ್ತೇನೆ. ನಮ್ಮ ಕವಿತೆಗಳಲ್ಲಿ ಬರುವ ಅವ್ವ ಯಾರು? ಸೌದೆ ಹೊರುವವಳು, ಗಂಜಿ ಬಿಟ್ಟು ಮಕ್ಕಳಿಗೆ ಕೊಡುವವಳು, ಹರಿದ ಸೀರೆಯವಳು. ಇವೆಲ್ಲ ಸುಳ್ಳಲ್ಲ. ಆದರೆ ಅವಳಿಗೆ ಒಂದು ಹೊಸ ಸೀರೆ ಬೇಕೆನಿಸಿದ್ದನ್ನು ನಾವೆಷ್ಟು ಜನ ಬರೆದಿದ್ದೇವೆ? ಜಾತ್ರೆಯಲ್ಲಿ ಬಳೆ ಅಂಗಡಿ ಮುಂದೆ ಅವಳು ನಿಂತದ್ದನ್ನು, ಅಪ್ಪನನ್ನು ಬೈದು ತವರಿಗೆ ಹೊರಟದ್ದನ್ನು? ಆಸೆಯಿಲ್ಲದ ಅವ್ವನನ್ನು ಪೂಜಿಸುವುದು ಸುಲಭ. ಏನೂ ಕೇಳದ ಬಡವನನ್ನು ಉಳ್ಳವರೂ ಮೆಚ್ಚುತ್ತಾರೆ. ಬಡತನವನ್ನು ಪವಿತ್ರ ಮಾಡಿದ ಕೂಡಲೇ ಅದನ್ನು ಹಾಗೇ ಬಿಡಲು ಒಂದು ಕಾರಣ ಸಿಕ್ಕಂತಾಯಿತು. ಸ್ಟೀಡ್‌ಮನ್ ತಮ್ಮ ತಾಯಿಯನ್ನು ಕ್ಷಮಿಸುವುದಿಲ್ಲ, ಸಿಂಗರಿಸುವುದೂ ಇಲ್ಲ. ಆಕೆಯ ಆಸೆಯನ್ನು ಗೌರವಿಸುತ್ತಾರೆ. ಈ ಕಾರಣಕ್ಕೆ ಎರಡು ಪುಸ್ತಕಗಳಲ್ಲಿ ನನಗೆ ಇದೇ ದೊಡ್ಡದು.

ಆದರೆ ಆ ಲಂಗದ ಬಟ್ಟೆ ಎಲ್ಲಿಂದ ಬಂತು? ಬರ್ನ್‌ಲಿಯ ಮಗ್ಗಗಳಿಗೆ ಹತ್ತಿ ಎಲ್ಲಿಂದ ಬಂತು? ಅಮೆರಿಕದ ಗುಲಾಮರು ಬೆಳೆದ ಹತ್ತಿ ಲಿವರ್‌ಪೂಲಿನಲ್ಲಿ ಇಳಿದು ಲಂಕಾಶೈರಿಗೆ ಹೋಗುತ್ತಿತ್ತು. ೧೮೬೧ರಿಂದ ೧೮೬೫ರವರೆಗೆ ಅಮೆರಿಕದ ಅಂತರ್ಯುದ್ಧದಲ್ಲಿ ಆ ಹತ್ತಿ ನಿಂತುಹೋದಾಗ ಗಿರಣಿಗಳು ಮುಚ್ಚಿದವು, ನೇಕಾರರು ಉಪವಾಸ ಬಿದ್ದರು. ಆಗ ಗಿರಣಿ ಮಾಲೀಕರ ಕಣ್ಣು ಬಿದ್ದದ್ದು ನಮ್ಮ ಧಾರವಾಡದ ಕರಿಮಣ್ಣಿನ ಮೇಲೆ. ಅಮೆರಿಕದ ಬೀಜ ತಂದು ಅಲ್ಲಿ ಮೊದಲೇ ಬೆಳೆಸಿದ್ದರು. ‘ಧಾರವಾಡ ಅಮೆರಿಕನ್’ ಎಂದೇ ಆ ಹತ್ತಿಗೆ ಹೆಸರು. ಸ್ಥಳೀಯ ಹತ್ತಿ ಕುಮಟಾ ಬಂದರಿನಿಂದ ಹೋಗುತ್ತಿದ್ದದ್ದರಿಂದ ಪೇಟೆಯಲ್ಲಿ ಅದರ ಹೆಸರೂ ‘ಕುಮಟಾ’. ಲಂಕಾಶೈರಿನ ನೇಕಾರರು ಇಂಡಿಯಾದ ಹತ್ತಿಯನ್ನೆಲ್ಲ ಒಟ್ಟಿಗೆ ‘ಸೂರತ್’ ಎಂದು ಕರೆದು ಶಪಿಸುತ್ತಿದ್ದರು. ಎಳೆ ಗಿಡ್ಡ, ನೂಲು ಪದೇ ಪದೇ ಹರಿಯುತ್ತಿತ್ತು. ನೇಯ್ದಷ್ಟಕ್ಕೇ ಕೂಲಿಯಾದ್ದರಿಂದ ಹೊಟ್ಟೆಗೆ ಹೊಡೆತ. ಅಲ್ಲಿ ನೂಲು ಹರಿದಾಗ ಬೈಗುಳ ತಿಂದದ್ದು ಇಲ್ಲಿ ಹತ್ತಿ ಬಿಡಿಸಿದವರ ದುಡಿಮೆ. ಇಬ್ಬರಿಗೂ ಇಬ್ಬರ ಮುಖ ಗೊತ್ತಿಲ್ಲ. ನಡುವೆ ಕೂತವನು ಇಬ್ಬರ ಲೆಕ್ಕವನ್ನೂ ಬರೆದುಕೊಂಡ. ಸ್ಟೀಡ್‌ಮನ್ ಅವರ ಕಥೆ ಇಲ್ಲಿಯವರೆಗೆ ಬರುವುದಿಲ್ಲ. ಅವರು ತಾಯಿಯ ಕಥೆ ಬರೆದವರು, ಹತ್ತಿಯದಲ್ಲ. ಆದರೆ ಇಂಗ್ಲೆಂಡಿನ ಒಂದು ನೇಕಾರ ಮನೆಯ ವಂಶಾವಳಿ ಇಂಗ್ಲೆಂಡಿನೊಳಗೇ ಮುಗಿಯುವುದಿಲ್ಲ ಎಂಬುದನ್ನು ಓದುವ ನಾವಾದರೂ ಸೇರಿಸಿಕೊಳ್ಳಬೇಕು.

ಇನ್ನೊಂದು ಎಚ್ಚರವೂ ಬೇಕು. ಅಲ್ಲಿನ ವರ್ಗ, ಇಲ್ಲಿನ ಜಾತಿ ಎರಡೂ ಒಂದೇ ಎಂದು ಅಪ್ಪಿಕೊಂಡುಬಿಡಬಾರದು. ವರ್ಕ್‌ಹೌಸಿನಲ್ಲಿ ಹುಟ್ಟಿದ ಮಕ್ಕಳಿಗೆ ಆ ಕಳಂಕ ಹತ್ತದಿರಲೆಂದು ೧೯೦೪ರಿಂದ ಜನನ ಪತ್ರದಲ್ಲಿ ವರ್ಕ್‌ಹೌಸ್ ಎಂಬ ಹೆಸರಿನ ಬದಲು ಒಂದು ಬೀದಿಯ ವಿಳಾಸ ಬರೆಯತೊಡಗಿದರು. ೧೯೪೭ರಲ್ಲಿ ತಂದೆ ತಾಯಿಯ ವಿವರವೇ ಇಲ್ಲದ ಚಿಕ್ಕ ಜನನ ಪತ್ರ ಬಂತು. ಅಪ್ಪನ ಕಾಲಂ ಖಾಲಿ ಇದ್ದವರು ಅದನ್ನು ತೋರಿಸಿ ತಲೆಯೆತ್ತಿ ನಡೆಯಬಹುದಾಗಿತ್ತು. ಒಂದು ವಿಳಾಸ ಬದಲಾಯಿಸಿದರೆ ಮುಚ್ಚಿಹೋಗುವ ಗಾಯ ಅದು. ನಮ್ಮದು ಹಾಗಲ್ಲ. ಕೇರಿ ಬಿಟ್ಟು ಪಟ್ಟಣಕ್ಕೆ ಹೋದರೂ ಬಾಡಿಗೆ ಮನೆಯವನು ಸುತ್ತಿ ಬಳಸಿ ಅದನ್ನೇ ಕೇಳುತ್ತಾನೆ. ನಮ್ಮ ಹಕ್ಕಿಗೆ ನಾವೇ ಆ ಹೆಸರಿನ ಸರ್ಟಿಫಿಕೇಟು ಹಿಡಿದು ಕ್ಯೂ ನಿಲ್ಲಬೇಕು. ಅಲ್ಲಿ ಕಾಗದ ಮುಚ್ಚಿಟ್ಟು ಕಾಪಾಡಿತು. ಇಲ್ಲಿ ಕಾಗದದಲ್ಲಿ ಬಿಚ್ಚಿ ಹೇಳಿಯೇ ಹಕ್ಕು ಪಡೆಯಬೇಕು.

ಹಾಗಿದ್ದರೂ ಈ ಪುಸ್ತಕಗಳು ಕಲಿಸುವ ಕೆಲಸ ಒಂದಿದೆ. ಇಂಗ್ಲೆಂಡಿನ ಖಾನೇಷುಮಾರಿಯಲ್ಲಿ ಗಂಡನ ಹೆಸರಿನ ಮುಂದೆ ಕಸುಬು ಬರೆದ ಗುಮಾಸ್ತ, ಹೆಂಡತಿಯ ಮುಂದೆ ಎಷ್ಟೋ ಸಲ ಖಾಲಿ ಬಿಟ್ಟ. ಆಕೆ ಹತ್ತು ಮನೆಯ ಬಟ್ಟೆ ಒಗೆಯುತ್ತಿದ್ದರೂ ಖಾಲಿ, ಮನೆಯಲ್ಲೇ ಕೂತು ಹೊಲಿಯುತ್ತಿದ್ದರೂ ಖಾಲಿ. ಆ ಖಾಲಿ ಜಾಗವನ್ನು ‘ಏನೂ ಮಾಡಲಿಲ್ಲ’ ಎಂದು ಓದುವುದು ಒಂದು ರೀತಿ. ‘ಇವನು ಕೇಳಲೇ ಇಲ್ಲ’ ಎಂದು ಓದುವುದು ಇನ್ನೊಂದು ರೀತಿ. ಲೈಟ್, ಸ್ಟೀಡ್‌ಮನ್ ಇಬ್ಬರೂ ಎರಡನೆಯ ರೀತಿಯವರು. ಊರೂರಿನ ಮೇಷ್ಟ್ರುಗಳೇ, ಓದುವ ಹುಡುಗ ಹುಡುಗಿಯರೇ, ನಿಮ್ಮ ಕೈಗೂ ರಿಜಿಸ್ಟರುಗಳು ಬರುತ್ತವೆ. ಅದರಲ್ಲಿ ಇರುವುದನ್ನು ಓದಿ. ಬರೆದವನು ಯಾರು, ಯಾತಕ್ಕೆ ಬರೆದ ಎಂಬುದನ್ನೂ ಓದಿ. ಆಮೇಲೆ ಕಾಲಂ ಖಾಲಿ ಇರುವ ಮುದುಕಿ ಇನ್ನೂ ಬದುಕಿದ್ದರೆ ಅವಳ ಹತ್ತಿರ ಹೋಗಿ ಕೂತುಕೊಳ್ಳಿ. ಏನು ದುಡಿದೆ ಅಂತ ಕೇಳಿ. ಏನು ಬೇಕಿತ್ತು ನಿನಗೆ ಅಂತಲೂ ಕೇಳಿ.