ಅಶ್ವಥ್ ಹಿಟ್ಸ್: ಆಯ್ದದ್ದು, ಬಿಟ್ಟದ್ದು

ಸಿ. ಅಶ್ವಥ್ ಅವರ ಜನಪ್ರಿಯ ಗೀತೆಗಳ ಸಂಕಲನ ಯಾವ ಕಂಪನಿಯದೇ ಇರಲಿ, ಕ್ಯಾಸೆಟ್ಟಿನ ಕಾಲದ್ದಿರಲಿ, ಪೆನ್‌ಡ್ರೈವಿನ ಕಾಲದ್ದಿರಲಿ, ಒಳಗೆ ಏನೇನಿದೆ ಎಂಬುದನ್ನು ಕೇಳುವ ಮೊದಲೇ ಹೇಳಬಹುದು. ಸಂತಕವಿ ಶಿಶುನಾಳ ಷರೀಫರ ಕೋಡಗ–ಕೋಳಿಯ ಪದ, ತಂಬೂರಿ ಪದ, ಸೋರುವ ಮಾಳಿಗೆಯ ಪದ, ಜೊತೆಗೆ ಕೆ.ಎಸ್. ನರಸಿಂಹಸ್ವಾಮಿಯವರ ಒಂದೆರಡು ದಾಂಪತ್ಯ ಗೀತೆ, ಜಿ.ಎಸ್. ಶಿವರುದ್ರಪ್ಪನವರ ಕಡಲಿನ ಹಾಡು. ಕೊಪ್ಪಳದಿಂದ ಯಲಬುರ್ಗಾಕ್ಕೆ ಬರುವ ಗಾಡಿಗಳಲ್ಲಿ, ಕುಕನೂರಿನ ಚಹಾದಂಗಡಿಗಳಲ್ಲಿ, ನವೆಂಬರ್ ಬಂದರೆ ಶಾಲೆಯ ಮೈಕಿನಲ್ಲಿ ಈ ಹಾಡುಗಳೇ ತಿರುತಿರುಗಿ ಕೇಳುತ್ತವೆ. ನಾಲ್ಕು ದಶಕಗಳಿಂದ ಕನ್ನಡಿಗರ ಕಿವಿಯನ್ನು ತಿದ್ದಿದ ಸಂಗ್ರಹ ಇದು. ಇದಕ್ಕೆ ಹೊಗಳಿಕೆ ಬಹಳ ಸಿಕ್ಕಿದೆ, ವಿಮರ್ಶೆ ಸಿಕ್ಕಿಲ್ಲ.

ಮೊದಲು ಸಲ್ಲಬೇಕಾದ ಗೌರವ ಸಲ್ಲಿಸಬೇಕು. 1939ರಲ್ಲಿ ಹುಟ್ಟಿ 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ, ತೀರಿಕೊಂಡ ಅಶ್ವಥ್ ಹಳೇ ಮೈಸೂರಿನ ಕಡೆಯವರು. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ರಾಗ ಹಾಕಿದವರು. ಷರೀಫರ ಭಾಷೆ ಅವರ ಮನೆಮಾತಲ್ಲ. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಷರೀಫರ ಪದಗಳನ್ನು ಹುಡುಕಿ, ತಿದ್ದಿ, ಬೆಂಗಳೂರಿನ ಗಾಯಕರ ಮುಂದಿಟ್ಟರು. ಆ ಕೆಲಸಕ್ಕಾಗಿಯೇ ಜನ ಅವರನ್ನು ಷರೀಫ ಭಟ್ಟರೆಂದು ಕರೆದರು. ಅಶ್ವಥ್ ಆ ಪದಗಳಿಗೆ ಕೊಟ್ಟದ್ದು ಬರೀ ರಾಗವನ್ನಲ್ಲ, ಎದೆಯ ಬಲವನ್ನು. ಮೊದಲ ಸಾಲು ಎತ್ತಿಕೊಂಡರೆಂದರೆ ಕೇಳುವವನು ಕೈಯಲ್ಲಿನ ಕೆಲಸ ಬಿಡಬೇಕು. ಒಂದೊಂದು ಅಕ್ಷರವೂ ಹಲ್ಲು, ತುಟಿ, ಗಂಟಲುಗಳ ಮೂಲಕ ಬಿಡಿಬಿಡಿಯಾಗಿ ಹೊರಬರುತ್ತದೆ, ಮಾತು ರಾಗದೊಳಗೆ ಮುಳುಗುವುದಿಲ್ಲ. ನಾಗಾಭರಣರ ‘ಸಂತ ಶಿಶುನಾಳ ಷರೀಫ’ 1990ರಲ್ಲಿ ತೆರೆಗೆ ಬಂದಾಗ ನಮ್ಮ ಕಡೆಯ ಭಜನೆಯವರು ಕೂಡ ತಮ್ಮದೇ ಪದಗಳನ್ನು ಹೊಸದಾಗಿ ಕೇಳಿಸಿಕೊಂಡರು. ಇದು ಸಣ್ಣ ಸಾಧನೆಯಲ್ಲ.

ಆದರೆ ಅದೇ ಪದಗಳನ್ನು ಯಲಬುರ್ಗಾ ಸೀಮೆಯ ಹಳ್ಳಿಯ ಭಜನೆಯಲ್ಲಿ ಕೇಳಿದವರಿಗೆ ಸಂಕಲನದಲ್ಲಿ ಏನೋ ಕಡಿಮೆ ಬಿದ್ದಂತೆ ಅನ್ನಿಸುತ್ತದೆ. ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳ, ಒಂದು ಹಾರ್ಮೋನಿಯಂ. ಮುಂದಿನವನು ಒಂದು ನುಡಿ ಹೇಳುತ್ತಾನೆ, ಹಿಂದಿನವರು ಅದನ್ನು ತಿರುಗಿ ಎತ್ತುತ್ತಾರೆ. ನಡುವೆ ಯಾರೋ ಒಬ್ಬ ಹಿರಿಯ ‘ತಡಿಯೋ ತಮ್ಮಾ’ ಅಂದು ಅರ್ಥ ಬಿಡಿಸುತ್ತಾನೆ, ಇನ್ನೊಬ್ಬ ಅದಕ್ಕೆ ಎದುರು ಹೇಳುತ್ತಾನೆ, ಮತ್ತೆ ಪದ ಮುಂದುವರಿಯುತ್ತದೆ. ತತ್ವಪದಕ್ಕೆ ಆ ನಿಲುಗಡೆಯೇ ಉಸಿರು. ಕೋಡಗ–ಕೋಳಿಯ ಪದ ಒಗಟು; ಒಗಟನ್ನು ಬಿಡಿಸಲು ಹೊತ್ತು ಬೇಕು. ಸಂಕಲನದಲ್ಲಿ ಅದು ಕುಣಿತದ ಹಾಡಾಗಿದೆ. ವೇಗ ಏರುತ್ತದೆ, ಕೋರಸ್ ಕೂಡಿಕೊಳ್ಳುತ್ತದೆ, ಕೊನೆಯಲ್ಲಿ ಗುರುವಿನ ಪಾದಕ್ಕೆ ಬರುವಷ್ಟರಲ್ಲಿ ಕೇಳುಗ ಚಪ್ಪಾಳೆಗೆ ಸಿದ್ಧನಾಗಿರುತ್ತಾನೆ. ಇಡೀ ಪದ ಹೊರಟದ್ದೇ ಆ ಗುರುಪಾದದ ಕಡೆಗೆ ಎಂಬುದು ಅವನಿಗೆ ತಿಳಿಯುವುದೇ ಇಲ್ಲ.

ಮಾಳಿಗೆಯ ಪದದ್ದು ಇನ್ನೂ ಸೂಕ್ಷ್ಮ. ಬೆಂಗಳೂರಿನ ಕೇಳುಗನಿಗೆ ಸೋರುವ ಮನೆ ಒಂದು ರೂಪಕ. ಇಲ್ಲಿ ಅದು ಮೊದಲು ಮನೆ, ಆಮೇಲೆ ರೂಪಕ. ಮೇಲ್ಮುದ್ದೆಯ ಮಾಳಿಗೆ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಇವೆ. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹೊತ್ತು ಹಾಕಿ ತುಳಿಯಬೇಕು, ಹುಲ್ಲು ಬೇರು ಬಿಡದಂತೆ ನೋಡಿಕೊಳ್ಳಬೇಕು, ಇಲಿ ತೋಡಿದ ಬಿಲ ಮುಚ್ಚಬೇಕು. ಒಂದು ವರ್ಷ ಮೈಗಳ್ಳತನ ಮಾಡಿದರೆ ಬೆಳಕಿಂಡಿಯ ಪಕ್ಕದಿಂದ ಹನಿ ಶುರುವಾಗುತ್ತದೆ, ರಾತ್ರಿಯೆಲ್ಲ ಪಾತ್ರೆ ಇಟ್ಟು ಕೂರಬೇಕು. ಷರೀಫರು ಅಜ್ಞಾನವನ್ನು ಹೇಳಲು ಈ ಕೆಲಸಗಳ್ಳನ ಮನೆಯನ್ನೇ ಹಿಡಿದರು, ಏಕೆಂದರೆ ಕೇಳುವವರ ತಲೆಯ ಮೇಲೆ ಆ ಮಾಳಿಗೆಯೇ ಇತ್ತು. ಅಶ್ವಥ್ ಈ ಪದವನ್ನು ಬಹಳ ಚೆನ್ನಾಗಿ ಹಾಡಿದ್ದಾರೆ; ಅವರ ಹಿಟ್ ಹಾಡುಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದೇ. ಇಲ್ಲಿ ಅವರು ಗಂಟಲನ್ನು ಹಿಡಿದಿಟ್ಟಿದ್ದಾರೆ, ದಣಿವನ್ನು ದನಿಯಲ್ಲಿ ತಂದಿದ್ದಾರೆ. ಅಬ್ಬರವೇ ಅವರ ಶಕ್ತಿ ಎಂದು ನಂಬಿದವರು ಇದನ್ನೊಮ್ಮೆ ಗಮನವಿಟ್ಟು ಕೇಳಬೇಕು. ಸಂಕಲನ ಮಾಡುವವರು ಮಾತ್ರ ಇದರ ಹಿಂದೆಯೋ ಮುಂದೆಯೋ ಗುಡುಗಿನಂಥ ಹಾಡೊಂದನ್ನು ತಂದಿಡುತ್ತಾರೆ, ದಣಿವು ನಮ್ಮೊಳಗೆ ಇಳಿಯಲು ಬಿಡುವುದೇ ಇಲ್ಲ.

ಆಯ್ಕೆಯ ದೊಡ್ಡ ದೋಷ ಬಿಟ್ಟದ್ದರಲ್ಲಿದೆ. ಷರೀಫರು ಮೊಹರಂಗೆ ರಿವಾಯತ್ ಪದ ಬರೆದವರು. ಕರ್ಬಲಾದ ಕಥೆಯನ್ನು ಕನ್ನಡದ ನೆಲದಲ್ಲಿ ಹಾಡಿದವರು. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ಅಲಾಯಿ ದೇವರು ಕೂತಾಗ ಹೆಜ್ಜೆಮೇಳದವರು ಕುಣಿಯುತ್ತ ಹಾಡುವುದು ಈ ಬಗೆಯ ಪದಗಳನ್ನೇ, ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲೂ. ನಾನು ಕೇಳಿದ ಯಾವ ಜನಪ್ರಿಯ ಸಂಕಲನದಲ್ಲೂ ಒಂದು ರಿವಾಯತ್ ಪದವಿಲ್ಲ. ಗೋವಿಂದ ಭಟ್ಟರ ಶಿಷ್ಯನಾದ ಷರೀಫ ಎಲ್ಲರಿಗೂ ಗೊತ್ತು, ಮೊಹರಂನ ಷರೀಫ ನಗರದ ಕೇಳುಗನಿಗೆ ಗೊತ್ತೇ ಇಲ್ಲ. ಭಾವೈಕ್ಯದ ಸಂತ ಎಂದು ಭಾಷಣದಲ್ಲಿ ಹೊಗಳಿ, ಆ ಭಾವೈಕ್ಯ ನಿಜಕ್ಕೂ ಬೀದಿಯಲ್ಲಿ ಕುಣಿಯುವ ಪದಗಳನ್ನೇ ಕೈಬಿಟ್ಟರೆ ಸಿಗುವುದು ಅರ್ಧ ಷರೀಫ.

ಗಾಯಕನೊಬ್ಬನ ಹಿಟ್ ಹಾಡುಗಳನ್ನು ಒಟ್ಟು ಮಾಡುವ ಪದ್ಧತಿ ಜಗತ್ತಿನೆಲ್ಲೆಡೆ ಇದೆ. ಸ್ಪ್ಯಾನಿಷ್ ಭಾಷೆಯ ಪ್ರೇಮಗೀತೆಗಳ ಲೋಕದಲ್ಲಿ ಅದು ತೀರ ಸಹಜ. ಮೆಕ್ಸಿಕೊದ ಗಾಯಕ ಹೊಸೆ ಹೊಸೆ 1970ರ ಹಾಡಿನ ಸ್ಪರ್ಧೆಯೊಂದರಲ್ಲಿ ‘ಎಲ್ ತ್ರಿಸ್ತೆ’ ಹಾಡಿ ಮೂರನೆಯ ಸ್ಥಾನ ಪಡೆದ. ಗೆದ್ದ ಹಾಡಿಗಿಂತ ಅವನ ಹಾಡೇ ಜನರ ಮನದಲ್ಲಿ ಉಳಿಯಿತು. ಆ ಹಾಡು ವೇದಿಕೆಯ ಮೇಲೆ, ಆ ಗಂಟಲಿನಲ್ಲೇ ಜೀವ ಪಡೆದದ್ದು. ಅಂಥ ಹಾಡುಗಳ ಸಂಗ್ರಹದ ಮೇಲೆ ಗಾಯಕನ ಹೆಸರೊಂದೇ ಇದ್ದರೆ ಅಷ್ಟಾಗಿ ಅನ್ಯಾಯವಾಗುವುದಿಲ್ಲ. ನಮ್ಮ ಭಾವಗೀತೆಯ ಹಾದಿಯೇ ಬೇರೆ. ಇಲ್ಲಿ ಹಾಡು ಮೊದಲು ಪುಸ್ತಕದಲ್ಲಿ ಇತ್ತು. ‘ಮೈಸೂರು ಮಲ್ಲಿಗೆ’ 1942ರ ಸಂಕಲನ. ಅಶ್ವಥ್ ಅದಕ್ಕೆ ರಾಗ ಹಾಕುವ ಹೊತ್ತಿಗೆ ಮದುವೆಮನೆಗಳಲ್ಲಿ ಎಷ್ಟೋ ಜೋಡಿಗಳಿಗೆ ಆ ಪುಸ್ತಕ ಉಡುಗೊರೆಯಾಗಿ ಹೋಗಿತ್ತು. ಷರೀಫರು ತೀರಿಕೊಂಡದ್ದು 1889ರಲ್ಲಿ. ನೂರು ವರ್ಷ ಆ ಪದಗಳನ್ನು ಬಾಯಿಂದ ಬಾಯಿಗೆ ಕಾಪಾಡಿದವರು ಓದು ಬರಹ ತಿಳಿಯದ ಭಜನೆಯವರು. ಮುಖಪುಟದ ಮೇಲೆ ‘ಅಶ್ವಥ್ ಹಿಟ್ಸ್’ ಎಂದು ಅಚ್ಚಾಗಿ, ಮೊಬೈಲಿನ ಪರದೆಯ ಮೇಲೆ ಗಾಯಕನ ಹೆಸರಷ್ಟೇ ಓಡತೊಡಗಿದಾಗ ಕವಿ ಮರೆಯಾಗುತ್ತಾನೆ. ಶಿವರುದ್ರಪ್ಪನವರ ಸಾಲನ್ನು ‘ಅಶ್ವಥ್ ಅವರ ಹಾಡು’ ಎಂದು ಮಕ್ಕಳು ಹೇಳುವುದನ್ನು ಕೇಳಿದರೆ ಸಂಕಟವಾಗುತ್ತದೆ. ಅಶ್ವಥ್ ಬದುಕಿದ್ದರೆ ಅವರಿಗೂ ಸಂಕಟವಾಗುತ್ತಿತ್ತು ಎಂದೇ ನನ್ನ ನಂಬಿಕೆ, ಕವಿತೆಯನ್ನು ಅರಿಯದೆ ರಾಗ ಹಾಕಿದವರಲ್ಲ ಅವರು.

ಇದೇ ಗತಿ ನಮ್ಮ ಊರಿನ ಕವಿಗೂ ಆಗಿದೆ. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು, ಕಾವ್ಯಾನಂದ ಎಂದು ಹೆಸರಾದವರು, 1987ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಮನುಷ್ಯನಾಗು ಎನ್ನುವ ಅವರ ಒಂದು ಪದ್ಯ ನಾಡಿನ ಶಾಲೆಗಳ ಗೋಡೆ ಮೇಲಿದೆ. ಕೆಳಗೆ ಎಷ್ಟೋ ಕಡೆ ಹೆಸರಿಲ್ಲ, ಇದ್ದರೂ ಆ ಕವಿಯ ಇನ್ನೊಂದು ಪದ್ಯ ಕೇಳಿದರೆ ಹೇಳುವವರಿಲ್ಲ. ಒಂದು ಹಿಟ್ ಅವರನ್ನು ಉಳಿಸಿತು, ಉಳಿದ ಬರಹವನ್ನೆಲ್ಲ ಮುಚ್ಚಿಯೂ ಬಿಟ್ಟಿತು.

ಮತ್ತೆ ಅಶ್ವಥ್ ಸಂಕಲನಗಳಿಗೆ ಬಂದರೆ, 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅವರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮದ ಹಾಡುಗಳೂ ಇತ್ತೀಚಿನ ಸಂಗ್ರಹಗಳಲ್ಲಿ ಹಳೆಯ ಧ್ವನಿಮುದ್ರಣಗಳ ಪಕ್ಕದಲ್ಲೇ ಬರುತ್ತವೆ. ಅಂಥ ದೊಡ್ಡ ಮೈದಾನಕ್ಕೆ ಬೇಕಾದ ದನಿ ಅದು, ಅಲ್ಲಿ ಸಲ್ಲುವಂಥದ್ದು. ಸ್ಟುಡಿಯೋದಲ್ಲಿ ಹಾಡಿದ ಮೆಲುದನಿಯ ಹಾಡಿನ ಮಗ್ಗುಲಿಗೆ ಅದನ್ನು ಇಟ್ಟರೆ ಎರಡಕ್ಕೂ ನಷ್ಟ.

ಮುಂದೆ ಯಾರಾದರೂ ಅಶ್ವಥ್ ಸಂಕಲನವನ್ನು ಹೊಸದಾಗಿ ಕಟ್ಟುವುದಾದರೆ ಷರೀಫರ ಪದಗಳನ್ನು ಬೇರೆ ತೆಗೆದು ಒಂದೇ ಕಡೆ ಇಡಲಿ, ನರಸಿಂಹಸ್ವಾಮಿಯವರ ಗೀತೆಗಳನ್ನು ಆ ದಾಂಪತ್ಯದ ಕಥೆ ಕಾಣುವಂತೆ ಅನುಕ್ರಮದಲ್ಲಿ ಜೋಡಿಸಲಿ. ಪ್ರತಿ ಹಾಡಿನ ಮೇಲೆ ಕವಿಯ ಹೆಸರು ಗಾಯಕನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಬರಲಿ, ಧ್ವನಿಮುದ್ರಣದ ವರ್ಷವೂ ಇರಲಿ. ಷರೀಫರ ಭಾಗದ ಕೊನೆಗೆ, ಅಶ್ವಥ್ ಹಾಡದೇ ಉಳಿದ ರಿವಾಯತ್ ಪದಗಳಲ್ಲಿ ಒಂದನ್ನಾದರೂ ಕುಷ್ಟಗಿ–ಯಲಬುರ್ಗಾ ಕಡೆಯ ಯಾವುದಾದರೂ ಹೆಜ್ಜೆಮೇಳದವರಿಂದಲೇ ಹಾಡಿಸಿ ಸೇರಿಸಲಿ, ಆ ಮೇಳದವರ ಹೆಸರನ್ನೂ ಅಚ್ಚು ಹಾಕಲಿ.