ಕರುಣ ಮತ್ತು ಕನಿಕರ: ಕನ್ನಡದಲ್ಲಿ ಕ್ರೈಸ್ತ ಸಂವೇದನೆಯ ನೆಲೆಗಳು

ಕನ್ನಡ ಸಾಹಿತ್ಯದ ಚರಿತ್ರೆಗಳಲ್ಲಿ ‘ಕ್ರೈಸ್ತ ಸಾಹಿತ್ಯ’ ಎಂಬ ವಿಭಾಗಕ್ಕೆ ಒಂದು ನಿಶ್ಚಿತ ಸ್ಥಾನವಿದೆ. ಬೈಬಲಿನ ಅನುವಾದಗಳು, ಬಾಸೆಲ್ ಮಿಶನ್ನಿನ ಪ್ರಕಟಣೆಗಳು, ಕಿಟ್ಟೆಲರ ನಿಘಂಟು, ಕೊನೆಗೆ ಗೋವಿಂದ ಪೈಗಳ ‘ಗೊಲ್ಗೊಥಾ’: ಇಷ್ಟನ್ನು ಹೆಸರಿಸಿದರೆ ವಿಭಾಗವು ಮುಗಿಯುತ್ತದೆ. ವಸ್ತುವನ್ನು ಮಾತ್ರ ಆಧರಿಸಿದ ಈ ವರ್ಗೀಕರಣ ನಮ್ಮನ್ನು ಬಹುಕಾಲದಿಂದ ಕಾಡಿದೆ. ಕ್ರೈಸ್ತ ವಿಶ್ವಾಸವೆಂಬುದು ನಂಬಿದ ಸಂಗತಿಗಳ ಪಟ್ಟಿಯಲ್ಲ, ಬಾಳಿದ ಬಾಳು ಎಂದು ಒಪ್ಪುವುದಾದರೆ, ಕನ್ನಡದಲ್ಲಿ ಅದನ್ನು ಬೇರೆಡೆಯೂ ಹುಡುಕಬೇಕಾಗುತ್ತದೆ.

ಹೈದರಾಬಾದಿನಲ್ಲಿದ್ದು ಈ ಪ್ರಶ್ನೆಯನ್ನು ಎತ್ತುವುದಕ್ಕೆ ಒಂದು ಕಾರಣವುಂಟು. 1956ರವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದಲ್ಲಿ, ನಿಜಾಮಾಬಾದ್ ಸಮೀಪದ ಡಿಚ್‌ಪಲ್ಲಿ ಎಂಬಲ್ಲಿ, 1915ರಲ್ಲಿ ಕುಷ್ಠರೋಗಿಗಳಿಗಾಗಿ ಒಂದು ಆಸ್ಪತ್ರೆ ಆರಂಭವಾಯಿತು. ವೆಸ್ಲಿಯನ್ ಮಿಶನ್ನಿನ ವೈದ್ಯೆ ಇಸಾಬೆಲ್ ಕೆರ್ ಮತ್ತು ಆಕೆಯ ಪತಿ ಜಾರ್ಜ್ ಕೆರ್ ಅದರ ಸ್ಥಾಪಕರು. ಅದಕ್ಕೆ ದೊಡ್ಡ ಮೊತ್ತದ ಧನಸಹಾಯ ಮಾಡಿದವರು ರಾಜಾ ನರಸಾಗೌಡರೆಂಬ ಹಿಂದೂ ದಾನಿ. ಊರು ಹೊರಗಿಟ್ಟವರನ್ನು ಕೈಯಿಂದ ಮುಟ್ಟಿ ಆರೈಕೆ ಮಾಡುವುದೇ ಅಲ್ಲಿ ವಿಶ್ವಾಸದ ರೂಪವಾಗಿತ್ತು. ತೆಲುಗು ನೆಲದ ಈ ಉದಾಹರಣೆ ಕನ್ನಡ ವಿಮರ್ಶೆಗೆ ಅಳತೆಗೋಲಾಗಬಲ್ಲದೇ ಎಂದು ಯಾರಾದರೂ ಕೇಳಬಹುದು. ಆಗಬಲ್ಲದು ಎಂದೇ ನಮ್ಮ ಎಣಿಕೆ.

ಮೊದಲು ಒಂದು ಶಬ್ದವನ್ನು ಪರಿಶೀಲಿಸೋಣ. ಲೂಕನ ಸುವಾರ್ತೆಯಲ್ಲಿ ಮೂರು ಸಂದರ್ಭಗಳಲ್ಲಿ ಒಂದೇ ಗ್ರೀಕ್ ಕ್ರಿಯಾಪದ ಬರುತ್ತದೆ: ನಾಯಿನೆಂಬ ಊರಿನ ವಿಧವೆಯನ್ನು ಯೇಸು ಕಂಡಾಗ, ದಾರಿಯಲ್ಲಿ ಬಿದ್ದಿದ್ದವನನ್ನು ಸಮಾರ್ಯದವನು ಕಂಡಾಗ, ತಪ್ಪಿಹೋದ ಮಗನನ್ನು ತಂದೆ ದೂರದಿಂದ ಕಂಡಾಗ. ಆ ಕ್ರಿಯಾಪದದ ಮೂಲದಲ್ಲಿರುವುದು ಕರುಳನ್ನು, ದೇಹದ ಒಳ ಅಂಗಗಳನ್ನು ಸೂಚಿಸುವ ನಾಮಪದ. ಕನ್ನಡಕ್ಕೆ ಈ ಕಲ್ಪನೆ ಅನ್ಯವಲ್ಲ. ಹೆತ್ತ ಕರುಳು, ಕರುಳು ಮಿಡಿಯಿತು, ಕರುಳು ಚುರ್ರೆಂದಿತು ಎಂಬ ಪ್ರಯೋಗಗಳು ಎಲ್ಲರ ಬಾಯಲ್ಲಿವೆ. ಆದರೆ ಬಳಕೆಯಲ್ಲಿರುವ ಕನ್ನಡ ಬೈಬಲು ಸಮಾರ್ಯದವನ ಕಥೆಯಲ್ಲಿ ಆರಿಸಿಕೊಂಡದ್ದು ‘ಕನಿಕರ’ವನ್ನು. ಇದನ್ನು ದೋಷವೆಂದು ನಾವು ಹೇಳುತ್ತಿಲ್ಲ. ಕನಿಕರವೂ ಆಪ್ತವಾದ ಶಬ್ದವೇ. ಸಂಸ್ಕೃತದ ‘ದಯೆ’ಗಿಂತ ಮನೆಗೆ ಹತ್ತಿರವಾದದ್ದು. ಆದರೂ ಕನಿಕರದಲ್ಲಿ ನೋಡುವವನು ನಿಂತ ಎತ್ತರದ ಸೂಚನೆಯೊಂದು ಉಳಿದುಬಿಡುತ್ತದೆ. ಕರುಳಿಗೆ ಎತ್ತರವಿಲ್ಲ.

ಈ ಹಿನ್ನೆಲೆಯಲ್ಲಿ ‘ಗೊಲ್ಗೊಥಾ’ವನ್ನು ನೋಡಬೇಕು. ಇಂದು ಕೇರಳದ ಕಾಸರಗೋಡು ಜಿಲ್ಲೆಗೆ ಸೇರಿರುವ ಮಂಜೇಶ್ವರದ ಕವಿ, ಗೌಡ ಸಾರಸ್ವತ ಕುಲದವರು, ಯೇಸುವಿನ ಕಡೆಯ ದಿನವನ್ನು ಖಂಡಕಾವ್ಯವಾಗಿಸಿದ್ದು ಕನ್ನಡದ ಗೌರವದ ಸಂಗತಿಗಳಲ್ಲೊಂದು. ಅಲ್ಲಿರುವುದು ಕೇವಲ ವಿದ್ವತ್ತಿನ ಕುತೂಹಲವಲ್ಲ. ನೆರೆಯವರ ದೇವರ ಮುಂದೆ ತಲೆಬಾಗಿದ ನಿಜವಾದ ಭಕ್ತಿ. ಆದರೆ ಕಡೆಯ ದಿನವೆಂಬ ಚೌಕಟ್ಟೇ ಕಾವ್ಯದ ದರ್ಶನವನ್ನು ಬಹುಮಟ್ಟಿಗೆ ನಿರ್ಧರಿಸಿಬಿಟ್ಟಿದೆ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾನೆ. ಕೆಲವೇ ವಾಕ್ಯಗಳ ಬಳಿಕ ಕುಷ್ಠರೋಗಿಯೊಬ್ಬನನ್ನು ಕೈನೀಡಿ ಮುಟ್ಟುತ್ತಾನೆ. ದೇವರ ಸಾಮೀಪ್ಯ ಮತ್ತು ಮನುಷ್ಯನ ಸ್ಪರ್ಶ ಅಲ್ಲಿ ಉಸಿರಿನಂತೆ ಒಂದರ ಹಿಂದೊಂದು ಬರುತ್ತವೆ. ಕಡೆಯ ದಿನಕ್ಕೆ ಬರುವಾಗ ಆ ಲಯ ಮುರಿದಿದೆ. ಶಿಲುಬೆಯ ಮೇಲೆ ಕೈಗಳು ಮೊಳೆಗೆ ಸಿಕ್ಕಿವೆ. ಕ್ಷಮೆ ಕೋರುವ, ಪಕ್ಕದ ಕಳ್ಳನಿಗೆ ಭರವಸೆ ಕೊಡುವ, ತಾಯಿಯನ್ನು ಶಿಷ್ಯನಿಗೆ ಒಪ್ಪಿಸುವ ಮಾತುಗಳಷ್ಟೇ ಉಳಿದಿವೆ. ದೇವರೇ ಕೈಬಿಟ್ಟನೆಂಬ ಕೂಗೂ ಆ ದಿನದ್ದೇ.

ಹೀಗಾಗಿ ‘ಗೊಲ್ಗೊಥಾ’ದ ಓದುಗನಿಗೆ ದೊರೆಯುವುದು ಮುಖ್ಯವಾಗಿ ಕರುಣರಸ. ಶೋಕವನ್ನು ಸ್ಥಾಯಿಯಾಗುಳ್ಳ ಈ ರಸವನ್ನು ಅನುಭವಿಸುವವನು ಸಹೃದಯ. ಅವನು ನೋವನ್ನು ಕಂಡು ಕರಗುತ್ತಾನೆ, ಆದರೆ ಆ ನೋವಿನ ಕಡೆಗೆ ನಡೆದುಹೋಗಬೇಕಾದ ಹೊಣೆ ಅವನ ಮೇಲೆ ಬೀಳುವುದಿಲ್ಲ. ಹಳಗನ್ನಡದ ಕಡೆಗೆ ಒಲೆದ ಪೈಗಳ ಪದಬಂಧವೂ ಆ ಗಂಭೀರ ದೂರವನ್ನು ಪೋಷಿಸುತ್ತದೆ. ಕರುಣರಸವೇ ಕರುಣೆಯಲ್ಲ. ಬುದ್ಧನ ಕಡೆಯ ದಿನವನ್ನು ಕುರಿತ ‘ವೈಶಾಖಿ’ಗೂ ಪೈಗಳು ಇದೇ ಚೌಕಟ್ಟನ್ನು ಬಳಸಿದರೆಂಬುದನ್ನು ನೆನೆದರೆ, ಮಹಾಪುರುಷರ ಬಾಳಿಗಿಂತ ಅವರ ಅವಸಾನವು ಕವಿಯನ್ನು ಹೆಚ್ಚು ಸೆಳೆದಿತ್ತೆಂದು ತಿಳಿಯುತ್ತದೆ.

ಇದಕ್ಕೆ ಎದುರಾಗಿ ನಾವು ಇರಿಸಬಯಸುವುದು, ಯಾರೂ ಕ್ರೈಸ್ತ ಸಾಹಿತ್ಯವೆಂದು ಕರೆಯದ ಒಂದು ಕಿರುಕಾದಂಬರಿಯನ್ನು: ನಾ. ಡಿಸೋಜರ ‘ದ್ವೀಪ’. ಸಾಗರದ ಈ ಕಥೋಲಿಕ ಲೇಖಕರು (1937–2025) ಚರ್ಚಿನ ಬದುಕನ್ನು ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಮುಂತಾದ ಕೃತಿಗಳಲ್ಲಿ ನೇರವಾಗಿಯೇ ಬರೆದಿದ್ದಾರೆ. ವಸ್ತುವನ್ನು ನೋಡುವ ಚರಿತ್ರೆಕಾರನು ಅವನ್ನೇ ಎತ್ತಿಕೊಳ್ಳುತ್ತಾನೆ. ‘ದ್ವೀಪ’ದಲ್ಲಿ ಇಗರ್ಜಿಯಿಲ್ಲ, ಶಿಲುಬೆಯಿಲ್ಲ. ಶರಾವತಿಯ ನೀರು ಏರುತ್ತಿದೆ, ಊರು ಖಾಲಿಯಾಗಿದೆ, ಗಣಪಯ್ಯ ಮತ್ತು ನಾಗವೇಣಿ ಉಳಿದಿದ್ದಾರೆ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದ ಲೇಖಕರಿಗೆ ಅಣೆಕಟ್ಟು, ಪರಿಹಾರ, ಕಡತಗಳ ಭಾಷೆ ಒಳಗಿನಿಂದ ಗೊತ್ತಿತ್ತು. ಆದರೂ ಅವರ ಕಣ್ಣು ಕಡತದ ಮೇಲಿಲ್ಲ. ಹೊಸ್ತಿಲವರೆಗೆ ಬಂದ ನೀರಿನ ಮೇಲೆ, ಹೆಂಡತಿಯನ್ನು ಸಂಶಯಿಸತೊಡಗುವ ಗಂಡನ ಭಯದ ಮೇಲೆ ಇದೆ. ಆ ಸಂಶಯವನ್ನು ಸಮರ್ಥಿಸದೆ, ಸಂಶಯಿಸುವವನನ್ನು ಧಿಕ್ಕರಿಸದೆ ಕಥೆ ನಡೆಯುತ್ತದೆ. ತನ್ನ ಮತದವರಲ್ಲದ ಒಂದು ಮನೆಯ ಒಳಗೆ ಹೀಗೆ ಕುಳಿತುಕೊಳ್ಳಬಲ್ಲ ಗದ್ಯವನ್ನು ಸಮಾರ್ಯದವನ ಕಥೆಯ ನೆರೆಯಲ್ಲಿಟ್ಟು ಓದಬಹುದೆಂದು ನಮಗೆ ತೋರುತ್ತದೆ.

ಲೇಖಕನ ಮತವನ್ನು ಕೃತಿಗೆ ಅಂಟಿಸುವ ಅಪಾಯ ಇಲ್ಲಿದೆಯೆಂಬುದು ನಮಗೆ ತಿಳಿದಿದೆ. ಮುಳುಗಡೆಯ ನೋವನ್ನು ಕಾಣಲು ಕ್ರೈಸ್ತನೇ ಆಗಬೇಕಿಲ್ಲ. ‘ದ್ವೀಪ’ವನ್ನು 2002ರಲ್ಲಿ ಚಲನಚಿತ್ರವಾಗಿಸಿದ ಗಿರೀಶ ಕಾಸರವಳ್ಳಿಯವರೂ ಅದನ್ನು ತಮ್ಮದೇ ಬಗೆಯಲ್ಲಿ ಕಂಡರು. ಮತ್ತೂ ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕು: ಮಾರ್ಕನ ಆ ನಿರ್ಜನ ಮುಂಜಾವು, ದೇವರೊಡನೆ ಒಬ್ಬನೇ ಇರುವ ಗಳಿಗೆ, ‘ದ್ವೀಪ’ದಲ್ಲಿ ಸಿಗುವುದಿಲ್ಲ. ಅದನ್ನು ಅರಸಿ ಮತ್ತೆ ಪೈಗಳ ಬಳಿಗೇ ಹೋಗಬೇಕಾಗುತ್ತದೆ. ರಾಜ್ಯದ ಹೊರಗಿರುವ ಸಂಶೋಧಕರಿಗೆ ‘ದ್ವೀಪ’ವು ಸುಶೀಲಾ ಪುನೀತಾ ಅವರ ಇಂಗ್ಲಿಷ್ ಅನುವಾದದಲ್ಲಿ (2013) ಲಭ್ಯವಿದೆ. ಎರಡೂ ಕೃತಿಗಳನ್ನು ಒಂದೇ ಪಾಠಕ್ರಮದಲ್ಲಿ ಅಕ್ಕಪಕ್ಕ ಇರಿಸಿ ಓದಿಸಬೇಕೆಂಬುದು ನಮ್ಮ ಸೂಚನೆ. ಆಗ ‘ಗೊಲ್ಗೊಥಾ’ವನ್ನು ಮೊದಲು ಓದಿಸುವುದು ಒಳಿತು.